ರಿಪೋರ್ಟ್‌ನಲ್ಲಿ ‘ಐವಿಎಸ್ 1-5 ಜಿ>ಸಿ’ ಅಂತಿದೆ, ಕತ್ತರಿಸಿ ಬಿಸಾಕೋ ಭಾಗ ಕೆಟ್ಟರೆ ಏನು ತೊಂದರೆ?

ಡೊಂಬಿವಲಿ ಈಸ್ಟ್
ನಮ್ಮೂರು ಧಾರವಾಡ ಕಡೆ, ಈಗ ಇರೋದು ಡೊಂಬಿವಲಿಯಲ್ಲಿ. ಹೆಂಡತಿಗೆ ಎರಡು ತಿಂಗಳು ತುಂಬಿದೆ. ಹಿಮೋಗ್ಲೋಬಿನ್ 9.8. ಮೊದಲಿನ ಕ್ಲಿನಿಕ್‌ನವರು ಕಬ್ಬಿಣದ ಮಾತ್ರೆ ಕೊಡುತ್ತಲೇ ಬಂದರು, ಏರಲೇ ಇಲ್ಲ. ಹೊಸ ಡಾಕ್ಟರ್ ಬರೆದ ಟೆಸ್ಟ್‌ನಲ್ಲಿ ಎಚ್‌ಬಿಎ2 (ಹಿಮೋಗ್ಲೋಬಿನ್‌ನ ಒಂದು ಬಗೆ, ಥಲಸೀಮಿಯಾ ಕ್ಯಾರಿಯರ್‌ಗಳಲ್ಲಿ ಹೆಚ್ಚಿರುತ್ತಂತೆ) 5.4 ಬಂತು. ಡಿಎನ್‌ಎ ರಿಪೋರ್ಟ್‌ನಲ್ಲಿ ಬೀಟಾ ಥಲಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆ) ಕ್ಯಾರಿಯರ್, ಅಂದರೆ ಎರಡು ಜೀನ್‌ಗಳಲ್ಲಿ ಒಂದು ಮಾತ್ರ ಕೆಟ್ಟವಳು, ಐವಿಎಸ್ 1-5 ಜಿ>ಸಿ ಅಂತಿದೆ. ಹುಡುಕಿ ನೋಡಿದೆ. ಅದು ಇಂಟ್ರಾನ್ ಅಂತೆ, ಪ್ರೋಟೀನ್ ಆಗೋ ಮೊದಲೇ ತೆಗೆದುಹಾಕುವ ತುಂಡು. ಅದರಲ್ಲಿ ಒಂದಕ್ಷರ ಬದಲಾದರೆ ಏನು ಮಹಾ? ನಮ್ಮ ಮಾವನವರು, "ಅದು ಸಿಂಧಿಗಳಿಗೆ ಬರೋದು, ಲ್ಯಾಬ್‌ನವರದ್ದೇ ತಪ್ಪು" ಅಂತಿದ್ದಾರೆ.

ಪಿಪೆಟ್ ಪುಣೆ
ಮೊದಲು ಇದು ಹೇಳಿ: ನಿಮ್ಮ ಎಚ್‌ಬಿಎ2 ಮಾಡಿಸಿದ್ರಾ? ಇಲ್ಲಾಂದ್ರೆ ನಾಳೆಯೇ ಹೋಗಿ. ಮಿಕ್ಕಿದ್ದು ಆಮೇಲೆ ಓದಿ.

ಪುಣೆಯ ಲ್ಯಾಬೊಂದರಲ್ಲಿ ನನಗೆ ಇಂಥ ರಿಪೋರ್ಟ್‌ಗಳದ್ದೇ ಕೆಲಸ. ಭಾರತದಲ್ಲಿ ಅತಿ ಹೆಚ್ಚು ಸಿಗುವ ಬೀಟಾ ಥಲಸೀಮಿಯಾ ಬದಲಾವಣೆ ಇದೇ. ಸಿಂಧಿಗಳಲ್ಲಿ ಕ್ಯಾರಿಯರ್‌ಗಳು ಜಾಸ್ತಿ ಅನ್ನೋದು ನಿಜ, ಅಂತ ಬೇರೆಯವರಲ್ಲಿ ಇಲ್ಲ ಅಂತಲ್ಲ.

ಜೀನ್‌ನ ನಕಲಿಗೆ ಆರ್‌ಎನ್‌ಎ ಅಂತಾರೆ, ಅದನ್ನು ಓದಿಯೇ ಪ್ರೋಟೀನ್ ಆಗೋದು. ಅದರಲ್ಲಿ ಇಂಟ್ರಾನ್ ಬಿಸಾಕುವ ತುಂಡೇ, ಸರಿ. ಆದರೆ ಎಲ್ಲಿ ಕತ್ತರಿಸಬೇಕು ಅನ್ನೋ ಗುರುತು ಇರೋದೂ ಅದರ ಅಂಚಿನಲ್ಲೇ. ಯು1 ಅನ್ನೋ ಪುಟ್ಟ ಆರ್‌ಎನ್‌ಎ ಬಂದು ಆ ಅಂಚಿನ ಅಕ್ಷರಗಳಿಗೆ ಜೋಡಿಯಾಗಿ ಅಂಟಿಕೊಳ್ಳುತ್ತದೆ. ರಿಪೋರ್ಟ್‌ನ ‘1-5’ ಅಂದರೆ ಮೊದಲ ಇಂಟ್ರಾನ್‌ನ ಐದನೇ ಅಕ್ಷರ; ಅಲ್ಲಿ ಜಿ ಹೋಗಿ ಸಿ ಬಂದರೆ ಹಿಡಿತ ಸಡಿಲ. ಆಗ ಕತ್ತರಿ ಪಕ್ಕದ ಮೂರು ಕಡೆ ಬೀಳತೊಡಗುತ್ತದೆ: 38 ಅಕ್ಷರ ಹಿಂದೆ, 16 ಅಕ್ಷರ ಹಿಂದೆ, 13 ಅಕ್ಷರ ಮುಂದೆ. ಪ್ರೋಟೀನ್ ಓದೋದು ಮೂರು ಮೂರು ಅಕ್ಷರವಾಗಿ, ಅಲ್ವಾ? ಈ ಮೂರರಲ್ಲಿ ಒಂದೂ ಮೂರರಿಂದ ಭಾಗವಾಗಲ್ಲ. ಅಲ್ಲಿಂದ ಮುಂದೆ ಓದಿದ್ದೆಲ್ಲ ಕಲಸುಮೇಲೋಗರ. ಸರಿಯಾಗಿ ಕತ್ತರಿಸಿದ ಆರ್‌ಎನ್‌ಎ ಬಹಳ ಕಡಿಮೆ ಉಳಿಯುತ್ತದೆ, ಹಿಮೋಗ್ಲೋಬಿನ್‌ನ ಭಾಗವಾದ ಬೀಟಾ ಗ್ಲೋಬಿನ್ ಪ್ರೋಟೀನ್ ಅಷ್ಟೇ ಕಡಿಮೆ.

ನನಗೆ ಈಗಲೂ ಬೆರಗು ಹುಟ್ಟಿಸೋದು ಇದರ ಅಕ್ಕಪಕ್ಕ. ಒಂದನೇ ಅಕ್ಷರ ಜಿ ಬದಲಾದರೆ ಆ ಜೀನ್‌ನಿಂದ ಬೀಟಾ ಗ್ಲೋಬಿನ್ ಸೊನ್ನೆ. ಆರನೇ ಅಕ್ಷರ ಟಿ ಹೋಗಿ ಸಿ ಆದರೆ ತೊಂದರೆ ಸೌಮ್ಯ. ಐದನೆಯದು ನಡುವೆ, ಆದರೆ ತೀವ್ರದ ಕಡೆಗೇ ವಾಲಿದ್ದು.

ನಿಮ್ಮ ಮನೆಯವರಿಗೆ ಇನ್ನೊಂದು ಜೀನ್ ಸರಿ ಇದೆ, ಹಾಗಾಗಿ ಬರೀ ಸಣ್ಣ ರಕ್ತಹೀನತೆ. ನೀವೂ ಕ್ಯಾರಿಯರ್ ಆಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಥಲಸೀಮಿಯಾ ಮೇಜರ್ (ಪದೇ ಪದೇ ರಕ್ತ ಕೊಡಿಸಬೇಕಾಗುವ ತೀವ್ರ ಬಗೆ) ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಮಡಗಾಂವ್ ಮಾಮಿ
ಹೆದರಬೇಡಿ ತಮ್ಮಾ. ನನ್ನ ತಂಗಿ, ಅವಳ ಗಂಡ ಇಬ್ಬರೂ ಕ್ಯಾರಿಯರ್. ಮೂರನೇ ತಿಂಗಳಲ್ಲಿ ಮಾಸದ ಚೂರು ತೆಗೆದು ಪರೀಕ್ಷೆ ಮಾಡಿದರು. ಮಗಳು ಈಗ ಬಾಲವಾಡಿಗೆ ಹೋಗ್ತಾಳೆ. ಆದರೆ ಆ ಪರೀಕ್ಷೆಗೆ ಹೊತ್ತು ಮೀರಬಾರದು. ಮಾವನ ಜೊತೆ ವಾದ ಹೆರಿಗೆ ಆದಮೇಲೆ ಇಟ್ಕೊಳ್ಳಿ.

ಡೊಂಬಿವಲಿ ಈಸ್ಟ್
ಬೆಳಿಗ್ಗೆ ರಕ್ತ ಕೊಟ್ಟು ಬಂದೆ. ಶುಕ್ರವಾರ ರಿಪೋರ್ಟ್. ಕಬ್ಬಿಣದ ಮಾತ್ರೆ ನಿಲ್ಲಿಸಬಹುದಾ?

ಪಿಪೆಟ್ ಪುಣೆ
ನೀವಾಗಿಯೇ ನಿಲ್ಲಿಸಬೇಡಿ. ಕ್ಯಾರಿಯರ್‌ಗೂ ಕಬ್ಬಿಣದ ಕೊರತೆ ಇರಬಹುದು, ಬಸಿರಿನಲ್ಲಂತೂ ಸಹಜ. ಫೆರಿಟಿನ್ (ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿದೆ ಅಂತ ತೋರಿಸೋ ಪರೀಕ್ಷೆ) ಮಾಡಿಸಿ ಡಾಕ್ಟರಿಗೆ ತೋರಿಸಿ. ಫೋಲಿಕ್ ಆಸಿಡ್ ಮಾತ್ರ ತಪ್ಪಿಸಬೇಡಿ.