ಅಡಿಕೆ ಕೊಳೆರೋಗ: ಪ್ಲೇಟ್‌ನಲ್ಲಿ ಫೈಟಾಫ್ಥೊರಾ ಬರುತ್ತಿಲ್ಲ, ಬರೀ ಫ್ಯುಸೇರಿಯಂ

ಪ್ರಶ್ನೆ

ಕೊಳೆ ಬಂದ ಅಡಿಕೆಯಿಂದ ಫೈಟಾಫ್ಥೊರಾ (ಕೊಳೆರೋಗ ತರುವ, ಶಿಲೀಂಧ್ರದಂತೆ ಕಂಡರೂ ನಿಜ ಶಿಲೀಂಧ್ರವಲ್ಲದ ಜೀವಿ) ಬೇರ್ಪಡಿಸಲು ನೋಡುತ್ತಿದ್ದೇವೆ. ಸಿಪ್ಪೆಯ ಚೂರುಗಳನ್ನು ಶೇ 0.1 ಮರ್ಕ್ಯುರಿಕ್ ಕ್ಲೋರೈಡ್‌ನಲ್ಲಿ ಒಂದು ನಿಮಿಷ ಅದ್ದಿ, ಮೂರು ಸಲ ತೊಳೆದು ಪಿಡಿಎ (ಆಲೂಗಡ್ಡೆ–ಡೆಕ್ಸ್‌ಟ್ರೋಸ್ ಅಗರ್) ಮೇಲೆ ಇಡುತ್ತೇವೆ. ಎರಡನೇ ದಿನಕ್ಕೆ ಬ್ಯಾಕ್ಟೀರಿಯಾದ ಲೋಳೆ, ಮೂರನೇ ದಿನಕ್ಕೆ ಗುಲಾಬಿ ಛಾಯೆಯ ಫ್ಯುಸೇರಿಯಂ ಶಿಲೀಂಧ್ರ. ಮರದಡಿ ಬಿದ್ದ, ಬಿಳಿ ಬೂಷ್ಟು ಹಿಡಿದ ಕಾಯಿಗಳನ್ನೇ ಆರಿಸಿ ತಂದದ್ದು. ಏನು ತಪ್ಪಾಗುತ್ತಿದೆ?

ಉತ್ತರ 1

ಕಾಯಿ ಆರಿಸುವಲ್ಲೇ ತಪ್ಪಿದೆ. ಬೂಷ್ಟು ಹಿಡಿದು ನೆಲಕ್ಕೆ ಬಿದ್ದ ಕಾಯಿಯಲ್ಲಿ ಆಗಲೇ ಹತ್ತಾರು ಜೀವಿಗಳು ಸೇರಿಕೊಂಡಿರುತ್ತವೆ. ಗೊನೆಯಲ್ಲೇ ಇರುವ, ತೊಟ್ಟಿನ ಹತ್ತಿರ ನೀರು ಹೀರಿದಂಥ ಕಡುಹಸಿರು ಮಚ್ಚೆ ಈಗಷ್ಟೇ ಶುರುವಾದ ಎಳೆಗಾಯಿ ಕೊಯ್ಯಿಸಿ. ಬೋರ್ಡೋ (ಮೈಲುತುತ್ತ–ಸುಣ್ಣದ ದ್ರಾವಣ) ಹೊಡೆಯದ ಮರದ್ದೇ ಆಗಲಿ, ಸಿಪ್ಪೆಗೆ ಅಂಟಿದ ತಾಮ್ರವೂ ಬೆಳವಣಿಗೆ ತಡೆಯುತ್ತದೆ. ಕಾಗದದಲ್ಲಿ ಸುತ್ತಿ ತಂದು ಅದೇ ದಿನ ಕೆಲಸ ಮುಗಿಸಿ, ಫ್ರಿಜ್‌ನಲ್ಲಿ ಇಡಬೇಡಿ.

ಮರ್ಕ್ಯುರಿಕ್ ಕ್ಲೋರೈಡ್ ಬಿಟ್ಟುಬಿಡಿ. ವಿಷ ಅನ್ನುವುದು ಒಂದಾದರೆ, ಅದು ಮೊದಲು ಸಾಯಿಸುವುದೇ ಫೈಟಾಫ್ಥೊರಾವನ್ನು. ಇಡೀ ಕಾಯಿಯನ್ನು ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದು, ಮಚ್ಚೆಯ ಅಂಚಿನಲ್ಲಿ ಅರ್ಧ ಹಸಿರು, ಅರ್ಧ ಕಂದು ಬರುವಂತೆ 3–5 ಮಿ.ಮೀ. ಚೂರು ಕತ್ತರಿಸಿ. ಶೇ 1 ಹೈಪೋಕ್ಲೋರೈಟ್‌ನಲ್ಲಿ 30 ಸೆಕೆಂಡು ಸಾಕು. ಆಮೇಲೆ ಸ್ಟೆರೈಲ್ ಫಿಲ್ಟರ್ ಪೇಪರ್ ಮೇಲೆ ತೇವ ಪೂರ್ತಿ ಹೀರಿಸಿ. ಲೋಳೆ ಬರುವುದು ಹೆಚ್ಚಾಗಿ ಈ ತೇವದಿಂದಲೇ.

ಉತ್ತರ 2

ಮೀಡಿಯಾನೂ (ಜೀವಿ ಬೆಳೆಸುವ ಆಹಾರ) ಬದಲಿಸಿ. ಪಿಡಿಎ ಅಂದರೆ ಫ್ಯುಸೇರಿಯಂಗೆ ಹಬ್ಬದೂಟ. 1 ಲೀಟರ್ ಕಾರ್ನ್ ಮೀಲ್ ಅಗರ್‌ಗೆ (17 ಗ್ರಾಂ) ಶಿಲೀಂಧ್ರ ತಡೆಯಲು ಪಿಮಾರಿಸಿನ್ 5 ಮಿ.ಗ್ರಾಂ, ಬ್ಯಾಕ್ಟೀರಿಯಾ ತಡೆಯಲು ಆಂಪಿಸಿಲಿನ್ 250 ಮಿ.ಗ್ರಾಂ, ರಿಫಾಂಪಿಸಿನ್ 10 ಮಿ.ಗ್ರಾಂ ಸೇರಿಸಿ. ಪಿಮಾರಿಸಿನ್ ಪುಡಿ ಶೇ 50ರದ್ದಾದರೆ 10 ಮಿ.ಗ್ರಾಂ ತೂಗಬೇಕು, ಲೇಬಲ್ ನೋಡದೆ ಹಾಕುವವರೇ ಜಾಸ್ತಿ. ಪಿಮಾರಿಸಿನ್ ಶಿಲೀಂಧ್ರದ ಜೀವಕೋಶ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಸ್ಟೆರಾಲ್‌ಗೆ ಅಂಟಿಕೊಂಡು ಕೆಲಸ ಮಾಡುತ್ತದೆ. ಫೈಟಾಫ್ಥೊರಾ ಸ್ಟೆರಾಲ್ ತಯಾರಿಸುವುದೇ ಇಲ್ಲ, ಹಾಗಾಗಿ ಬಚಾವಾಗುತ್ತದೆ.

ಆಂಟಿಬಯಾಟಿಕ್‌ಗಳನ್ನು ಆಟೋಕ್ಲೇವ್ ಆದಮೇಲೆ, ಮೀಡಿಯಾ 50 ಡಿಗ್ರಿಗೆ ಇಳಿದಾಗ ಹಾಕಿ. ರಿಫಾಂಪಿಸಿನ್ ನೀರಿನಲ್ಲಿ ಸರಿಯಾಗಿ ಕರಗದು, ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ. ಪಿಮಾರಿಸಿನ್‌ಗೆ ಬೆಳಕು ಆಗುವುದಿಲ್ಲ, ಪ್ಲೇಟ್‌ಗಳನ್ನು ಕತ್ತಲಲ್ಲಿ 25 ಡಿಗ್ರಿಯಲ್ಲಿಡಿ. ಪಿಥಿಯಂ (ಫೈಟಾಫ್ಥೊರಾದ ಹತ್ತಿರದ ಸಂಬಂಧಿ) ಕಾಟ ಇದ್ದರೆ ಅದನ್ನು ತಡೆಯುವ ಹೈಮೆಕ್ಸಜಾಲ್ 50 ಮಿ.ಗ್ರಾಂ ಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಧನ್ಯವಾದ ಸರ್. ಪಿಮಾರಿಸಿನ್ ಆರ್ಡರ್ ಹಾಕಿದರೆ ಬರುವಷ್ಟರಲ್ಲಿ ಮಳೆಗಾಲವೇ ಮುಗಿಯುತ್ತದೆ. ಅಲ್ಲಿಯವರೆಗೆ ಬೇರೆ ದಾರಿ ಇದೆಯೇ?

ಉತ್ತರ 3

ಇದೆ. ಆರೋಗ್ಯವಾದ ಎಳೆ ಅಡಿಕೆ ಅಥವಾ ಗಟ್ಟಿ ಸೇಬನ್ನು ಸ್ಪಿರಿಟ್‌ನಿಂದ ಒರೆಸಿ, ಕಾರ್ಕ್ ಬೋರರ್‌ನಿಂದ ಸಣ್ಣ ತೂತು ಮಾಡಿ, ರೋಗದ ಚೂರನ್ನು ಒಳಗಿಟ್ಟು ಟೇಪ್ ಅಂಟಿಸಿ. ಮೂರ್ನಾಲ್ಕು ದಿನದಲ್ಲಿ ಗಟ್ಟಿಯಾದ, ಕಂದು ಕೊಳೆ ಹರಡುತ್ತದೆ. ಅದರ ಹೊರ ಅಂಚಿನ ಒಳತಿರುಳಿನ ಚೂರನ್ನು ಆಂಪಿಸಿಲಿನ್ ಹಾಕಿದ ಕ್ಯಾರೆಟ್ ಅಗರ್‌ಗೆ ಹಾಕಿ (ಲೀಟರ್‌ಗೆ 200 ಗ್ರಾಂ ಕ್ಯಾರೆಟ್). ಕೊಳೆ ಮೆತ್ತಗಾಗಿ ನೀರು ಒಸರಿದರೆ ಅದು ಬ್ಯಾಕ್ಟೀರಿಯಾ, ಎಸೆಯಿರಿ.

ಬಂದದ್ದು ಫೈಟಾಫ್ಥೊರಾ ಹೌದೋ ಅಲ್ಲವೋ ಸೂಕ್ಷ್ಮದರ್ಶಕದಲ್ಲಿ ನೋಡಿ: ಎಳೆಯ ಹೈಫಾದಲ್ಲಿ (ಬೆಳೆಯುವ ದಾರದಂಥ ಎಳೆ) ಅಡ್ಡಗೋಡೆ ಇರಬಾರದು. ಅಗರ್ ತುಂಡನ್ನು ಸ್ಟೆರೈಲ್ ನೀರಿನಲ್ಲಿ ಬೆಳಕಿಗೆ ಇಟ್ಟರೆ ಒಂದೆರಡು ದಿನದಲ್ಲಿ ತುದಿಯಲ್ಲಿ ಮೊಲೆತೊಟ್ಟಿನಂಥ ಉಬ್ಬಿರುವ ಸ್ಪೊರಾಂಜಿಯಾ (ಬೀಜಕಣದ ಚೀಲಗಳು) ಕಾಣುತ್ತವೆ. 5 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ಹೊರಗೆ ತೆಗೆದರೆ ಝೂಸ್ಪೋರ್ (ಚಲಿಸುವ ಬೀಜಕಣ) ಈಜುವುದೂ ಕಾಣುತ್ತದೆ.

ಕಲ್ಚರ್ ಸಿಕ್ಕಮೇಲೆ ಅದನ್ನೂ ಫ್ರಿಜ್‌ಗೆ ಹಾಕಬೇಡಿ, ಅಡಿಕೆಯ ಫೈಟಾಫ್ಥೊರಾ ತಂಪಿಗೆ ಬೇಗ ಸಾಯುತ್ತದೆ. ಅಗರ್ ತುಂಡುಗಳನ್ನು ಸ್ಟೆರೈಲ್ ನೀರಿನ ಬಾಟಲಿಯಲ್ಲಿ ಮುಳುಗಿಸಿ, 18–20 ಡಿಗ್ರಿಯಲ್ಲಿ ಕತ್ತಲಲ್ಲಿಡಿ. ತಿಂಗಳಿಗೊಮ್ಮೆ ಒಂದು ತುಂಡು ತೆಗೆದು ಬೆಳೆಯುತ್ತದೆಯೇ ನೋಡಿ.