‘ನಿಯಂತ್ರಣ’ ಅಂದರೆ ತಗ್ಗಿಸುವುದು ಮಾತ್ರವೇ?

ನಮಸ್ಕಾರ. ಒಂದು ಪದ ವಾರದಿಂದ ತಲೆ ತಿನ್ನುತ್ತಿದೆ. ತಿಳಿದವರು ದಾರಿ ತೋರಿಸಬೇಕು.

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಾವು ಕನ್ನಡದ ಹೆಂಗಸರು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಕಳೆದ ಸಲ ಹಾರ್ಮೋನುಗಳ ಬಗ್ಗೆ ಮಾತಾಡುವ ಸರದಿ ನನ್ನದು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಹೇಳುವುದಕ್ಕೇನು ಕಷ್ಟ ಅಂದುಕೊಂಡು ಹೋದೆ. ಮೊದಲ ವಾಕ್ಯ ಹೀಗಿತ್ತು: ‘ಹಾರ್ಮೋನುಗಳು ಜೀವಕೋಶದೊಳಗಿನ ಜೀನುಗಳ ಕೆಲಸವನ್ನು ನಿಯಂತ್ರಿಸುತ್ತವೆ.’ ಉಡುಪಿ ಕಡೆಯ ಹಿರಿಯರೊಬ್ಬರು ಅಲ್ಲೇ ತಡೆದರು. ‘ಅಂದ್ರೆ ಜೀನಿಗೆ ಕಡಿವಾಣ ಹಾಕ್ತದಾ? ಜಾಸ್ತಿ ಕೆಲಸ ಮಾಡದ ಹಾಗೆ?’

ಅವರು ಕೇಳಿದ್ದು ಸರಿಯೇ ಇದೆ. ಸೊಳ್ಳೆ ನಿಯಂತ್ರಣ, ಬೆಲೆ ನಿಯಂತ್ರಣ, ಸಿಟ್ಟಿನ ನಿಯಂತ್ರಣ. ಎಲ್ಲ ಕಡೆ ತಡೆ, ತಗ್ಗಿಸು ಅಂತಲೇ ಅಲ್ವಾ? ಹತೋಟಿ, ಅಂಕೆ ಅಂದರೂ ಅದೇ ಕಥೆ.

ಆದರೆ ಕೋಶದೊಳಗೆ ನಡೆಯುವುದು ಬರೀ ತಡೆಯಲ್ಲ. ಕಾರ್ಟಿಸಾಲ್ ಎಂಬ ಹಾರ್ಮೋನನ್ನೇ ನೋಡಿ. ಮೂತ್ರಪಿಂಡದ ನೆತ್ತಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿಯಿಂದ ಬರುತ್ತದೆ. ಕೊಬ್ಬಿನಲ್ಲಿ ಕರಗುವ ಜಾತಿಯದು, ಹಾಗಾಗಿ ಕೋಶದ ಪೊರೆ ದಾಟಿ ಸಲೀಸಾಗಿ ಒಳಗೆ ಹೋಗುತ್ತದೆ. ಅಲ್ಲಿ ಅದಕ್ಕೆಂದೇ ಒಂದು ಪ್ರೋಟೀನು ಕಾದಿರುತ್ತದೆ. ಎರಡೂ ಕೂಡಿಕೊಂಡು ಕೋಶದ ಕೇಂದ್ರವಾದ ನ್ಯೂಕ್ಲಿಯಸ್ ಹೊಕ್ಕು, ಜೀನುಗಳಿರುವ ಡಿಎನ್‌ಎ ಮೇಲೆ ಗೊತ್ತಾದ ಜಾಗದಲ್ಲಿ ಕೂರುತ್ತವೆ. ಆಗ ಲಿವರಿನಲ್ಲಿ ಗ್ಲೂಕೋಸ್ ತಯಾರಿಗೆ ಬೇಕಾದ ಜೀನುಗಳ ಕೆಲಸ ಏರುತ್ತದೆ. ಬಿಳಿ ರಕ್ತಕಣಗಳಲ್ಲಿ ಬಾವು ತರುವ ಜೀನುಗಳ ಕೆಲಸ ಇಳಿಯುತ್ತದೆ.

ಇದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಅತ್ತೆಗೆ ಸಂಧಿವಾತಕ್ಕೆ ಸ್ಟೀರಾಯ್ಡ್ ಗುಳಿಗೆ ಕೊಟ್ಟಿದ್ದರು. ಅದು ಕಾರ್ಟಿಸಾಲಿನ ಕೆಲಸವನ್ನೇ ಮಾಡುವ ಔಷಧ. ಬೆರಳ ಗಂಟುಗಳ ಬಾವು ಇಳಿದು, ಎಷ್ಟೋ ತಿಂಗಳು ಡಬ್ಬಿಯಲ್ಲಿದ್ದ ಉಂಗುರ ಮತ್ತೆ ಬೆರಳಿಗೆ ಬಂತು. ಅದೇ ಹೊತ್ತಿಗೆ ರಕ್ತದ ಸಕ್ಕರೆ ಏರಿತು. ಗುಳಿಗೆ ಒಂದೇ. ಇದನ್ನು ಬರೀ ‘ನಿಯಂತ್ರಣ’ ಅಂದರೆ ಕೇಳುವವರಿಗೆ ಅರ್ಧ ಮಾತ್ರ ಮುಟ್ಟುತ್ತದೆ.

‘ಸ್ವಿಚ್’ ಅನ್ನುವ ಹೋಲಿಕೆಯೂ ನನಗೆ ಒಪ್ಪಿಗೆಯಿಲ್ಲ. ಸ್ವಿಚ್ಚಿನ ಪಕ್ಕದಲ್ಲಿರುವ ಫ್ಯಾನಿನ ರೆಗ್ಯುಲೇಟರ್ ಹತ್ತಿರದ ಹೋಲಿಕೆ. ಅದಕ್ಕೆ ನಮ್ಮಲ್ಲಿ ಯಾವ ಪದ?

ನನಗೆ ಹೊಳೆದದ್ದು ‘ಹದ’. ಧಾರವಾಡದ ಕಡೆ ಹುಟ್ಟಿದವಳು ನಾನು. ಹೋಳಿಗೆಗೆ ಕಣಕ ನಾದುವಾಗ ಅವ್ವ ಹೇಳುತ್ತಿದ್ದ ಮಾತು ಇದು. ಗಟ್ಟಿಯಾದರೆ ಒಂದು ಚಮಚ ನೀರು, ತೆಳುವಾದರೆ ಒಂದು ಹಿಡಿ ಹಿಟ್ಟು. ಹದಕ್ಕೆ ತರುವುದು ಅಂದರೆ ಎರಡೂ ಕಡೆಗೆ ಕೈ ಆಡಿಸುವುದು. ಪಾಕದ ಹದ, ಬಿತ್ತನೆಗೆ ನೆಲದ ಹದ ಅಂತಲೂ ಅನ್ನುತ್ತೇವೆ. ‘ಹಾರ್ಮೋನುಗಳು ಜೀನುಗಳ ಕೆಲಸವನ್ನು ಹದದಲ್ಲಿಡುತ್ತವೆ’ ಅಂದರೆ ಆ ಹಿರಿಯರಿಗೂ ಥಟ್ಟನೆ ತಿಳಿಯುತ್ತಿತ್ತು.

ತೊಡಕು ಒಂದಿದೆ. ಹದ ಅಂದಾಗ ‘ಸರಿಯಾದ ಅಳತೆ’ ಅನ್ನುವ ಅರ್ಥ ಒಳಗೇ ಸೇರಿರುತ್ತದೆ. ಕಾರ್ಟಿಸಾಲ್ ಅತಿಯಾಗಿ ಕುಶಿಂಗ್ ಕಾಯಿಲೆ ಬಂದಾಗ ಏನನ್ನೋಣ? ಆಗಲೂ ಜೀನುಗಳನ್ನು ಆಡಿಸುತ್ತಿರುವುದು ಅದೇ ಹಾರ್ಮೋನು, ಆದರೆ ಹದ ತಪ್ಪಿರುತ್ತದೆ. ‘ಹದ ತಪ್ಪುವಂತೆ ಹದಗೊಳಿಸಿತು’ ಅನ್ನೋಕಾಗುತ್ತಾ? ‘ಏರಿಸಿ ಇಳಿಸು’ ಅಂದರೆ ಕ್ರಿಯಾಪದವಾಗಿ ಚೆನ್ನ. ನಾಮಪದ ಮಾಡಲು ಹೋದರೆ ‘ಏರಿಳಿತ’ ಆಗಿ, ಯಾರೂ ಏರಿಸದೆ ತಾನಾಗಿ ಆದದ್ದು ಅನ್ನಿಸಿಬಿಡುತ್ತದೆ.

ಇನ್ನೊಂದು ಸಣ್ಣ ವಿಷಯ. ಹಾರ್ಮೋನನ್ನು ಹಿಡಿದುಕೊಳ್ಳುವ ಆ ಪ್ರೋಟೀನಿಗೆ ‘ಗ್ರಾಹಕ’ ಅನ್ನುತ್ತಾರೆ. ಇಲ್ಲಿ ಪ್ರತಿ ಅಂಗಡಿಯಲ್ಲೂ ಮರಾಠಿಯ ‘ಗ್ರಾಹಕ’ ಕಣ್ಣಿಗೆ ಬೀಳುತ್ತದೆ, ನಮ್ಮವರಿಗೂ ಅದು ಗಿರಾಕಿಯೇ. ‘ಗ್ರಾಹಿ’ ಅಂದರೆ ಈ ಗೊಂದಲ ತಪ್ಪುತ್ತದೆ ಅಂತ ನನ್ನ ಅನಿಸಿಕೆ. ಹಾರ್ಮೋನಿಗೆ ಮರಾಠಿಯವರು ‘ಸಂಪ್ರೇರಕ’ ಅನ್ನುತ್ತಾರೆ. 1905ರಲ್ಲಿ ಅರ್ನೆಸ್ಟ್ ಸ್ಟಾರ್ಲಿಂಗ್ ಹಾರ್ಮೋನ್ ಎಂಬ ಹೆಸರು ಕೊಟ್ಟಾಗ ಆರಿಸಿಕೊಂಡ ಗ್ರೀಕ್ ಪದಕ್ಕೂ ಎಬ್ಬಿಸು, ಹುರಿದುಂಬಿಸು ಎಂದೇ ಅರ್ಥ. ‘ಸಂಪ್ರೇರಕ’ ಚಂದ ಇದೆ, ಆದರೆ ಹಾರ್ಮೋನು ಈಗ ಕನ್ನಡದ್ದೇ ಆಗಿಹೋಗಿದೆ, ಅದನ್ನು ಬಿಡುವುದು ಬೇಡ.

ಮುಂದಿನ ತಿಂಗಳು ಇನ್ಸುಲಿನ್ ಬಗ್ಗೆ ಹೇಳಬೇಕು. ಅದು ಕೋಶದ ಒಳಗೆ ಹೋಗದೆ, ಪೊರೆಯ ಮೇಲಿನ ಗ್ರಾಹಿಗೆ ಅಂಟಿಯೇ ಒಳಗೆ ಸುದ್ದಿ ಮುಟ್ಟಿಸುತ್ತದೆ. ಲಿವರಿನಲ್ಲಿ ಕಾರ್ಟಿಸಾಲ್ ಏರಿಸಿದ ಜೀನನ್ನೇ ಇದು ಇಳಿಸುತ್ತದೆ. ಈ ಎರಡೂ ಹಾರ್ಮೋನುಗಳ ಕೆಲಸಕ್ಕೆ ಒಪ್ಪುವ ಒಂದೇ ಪದ ನನಗೆ ಬೇಕು. ‘ಹದ’ ನಡೆಯುತ್ತದಾ? ನಿಮ್ಮ ಊರಿನ ಕಡೆ ಇದಕ್ಕಿಂತ ಒಳ್ಳೆಯ ಮಾತಿದ್ದರೆ ದಯವಿಟ್ಟು ಹೇಳಿ.