ಹೊಸ ಸೀಟು ಹಾಕಿಸಿದ ಹಳೇ ಕುರ್ಚಿಗೆ ಬೂಷ್ಟು: ಏನು ಮಾಡೋದು?

ಪ್ರಶ್ನೆ (ಉಡುಪಿ)
ಅಜ್ಜ 1960ರ ಆಸುಪಾಸಿನಲ್ಲಿ ಮಾಡಿಸಿದ ಸಾಗುವಾನಿ ಕುರ್ಚಿ. ಅಟ್ಟದಲ್ಲಿ ಬಿದ್ದಿತ್ತು, ಸೀಟು ಇರಲಿಲ್ಲ. ಈ ವರ್ಷ ರಿಪೇರಿಗೆ ಕೊಟ್ಟೆ. ಪ್ಲೈವುಡ್ ಹಲಗೆ, ಎರಡಿಂಚು ಫೋಮ್, ಮೇಲೆ ರೆಕ್ಸಿನ್. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸ್ಪಿರಿಟ್ ಪಾಲಿಶ್ ಆಯ್ತು. ಈಗ ಎರಡು ತೊಂದರೆ. ಕೈ ಇಡುವ ಜಾಗದಲ್ಲಿ ಹಾಲು ಚೆಲ್ಲಿ ಒರೆಸಿದ ಹಾಗೆ ಬಿಳಿ ಮಸುಕು. ಸೀಟಿನಿಂದ ಒದ್ದೆ ಗೋಣಿಯ ವಾಸನೆ. ಮಾಡಿಕೊಟ್ಟವರು "ಕಿಟಕಿ ಮುಚ್ಚಿಡಿ" ಅಂತಾರೆ ಅಷ್ಟೆ.

ಉತ್ತರ (ಮಂಗಳೂರು)
ಕಿಟಕಿ ಮುಚ್ಚಿದರೆ ಇನ್ನೂ ಜಾಸ್ತಿ ಆಗ್ತದೆ ಮಾರಾಯ್ರೆ! ಮೊದಲು ಎರಡು ವಿಷಯ ನೋಡಿ ಹೇಳಿ. ಒಣ ಬಟ್ಟೆಯಲ್ಲಿ ಉಜ್ಜಿದರೆ ಬಿಳಿ ಹೋಗ್ತದಾ? ಸೀಟಿನ ಚೌಕಟ್ಟಿನಲ್ಲಿ ಸುತ್ತಲೂ ಸಣ್ಣ ತೂತು ಉಂಟಾ?

ಪ್ರಶ್ನೆ ಕೇಳಿದವರು
ಬಿಳಿ ಹೋಗಲಿಲ್ಲ. ಒಂದು ಬದಿಯ ಪಿನ್ ಕಿತ್ತು ನೋಡಿದೆ. ತೂತು ಉಂಟು, ಸುಮಾರು ಅರ್ಧ ಇಂಚಿಗೊಂದು! ಫೋಮಿನ ಅಡಿ ಕಪ್ಪು ಚುಕ್ಕಿ ತುಂಬಿದೆ.

ಉತ್ತರ (ಮಂಗಳೂರು)
ಹಾಗಾದ್ರೆ ನಿಮ್ಮದು ಬೆತ್ತದ ಕುರ್ಚಿ, ಆ ತೂತುಗಳು ಬೆತ್ತದ ಸೀಟು ಹೆಣೆಯಲಿಕ್ಕೆ. ಚಂಡೀಗಢದ ಸರಕಾರಿ ಕಚೇರಿಗಳಿಗೆ 1950ರ ದಶಕದಲ್ಲಿ ವಾಸ್ತುಶಿಲ್ಪಿ ಪಿಯರ್ ಜೀನರೆ ಮಾಡಿಸಿದ್ದೂ ಸಾಗುವಾನಿ-ಬೆತ್ತದ ಕುರ್ಚಿಗಳೇ. ಹೆಣಿಗೆಯ ಕಣ್ಣಿನಿಂದ ಗಾಳಿ ಆಡುತ್ತದೆ. ನಿಮ್ಮ ಸೀಟಿಗೆ ಮೇಲೆ ರೆಕ್ಸಿನ್, ಕೆಳಗೆ ಹಲಗೆ. ಒಳಗೆ ಹೋದ ತೇವ ಹೊರಗೆ ಬರೋದು ಎಲ್ಲಿಂದ? ಆಟಿ ತಿಂಗಳ ಮಳೆಯಲ್ಲಿ ಬೂಷ್ಟು ಬಾರದಿದ್ದರೇ ಆಶ್ಚರ್ಯ.

ಆ ಫೋಮ್ ಬಿಸಾಡಿ. ಬಿಸಿಲಿಗಿಟ್ಟರೂ ವಾಸನೆ ಪೂರ್ತಿ ಹೋಗೋದಿಲ್ಲ, ಅದೂ ಈಗ ಬಿಸಿಲೆಲ್ಲಿ? ಹಲಗೆಯನ್ನೂ ತೆಗೆಯಿರಿ. ಚೌಕಟ್ಟು ಒರೆಸಿ, ಫ್ಯಾನ್ ಕೆಳಗೆ ನಾಲ್ಕೈದು ದಿನ ಇಡಿ. ಬೆತ್ತವನ್ನು ನೀರಲ್ಲಿ ನೆನೆಸಿ ಹೆಣೆಯುತ್ತಾರೆ, ಒಣಗಿದಾಗ ಬಿಗಿ ಆಗ್ತದೆ. ಹಾಗಾಗಿ ಆ ಕೆಲಸ ಮಳೆಗಾಲ ಮುಗಿದ ಮೇಲೆ ಮಾಡಿಸಿ. ಮೆತ್ತೆ ಬೇಕೇ ಬೇಕು ಅಂದ್ರೆ ಹತ್ತಿ ಬಟ್ಟೆಯದ್ದು ಮಾಡಿಸಿ, ಮೇಲೆ ಸುಮ್ನೆ ಇಡಿ. ಅಂಟಿಸಬೇಡಿ.

ಬಿಳಿ ಮಸುಕು ಬೂಷ್ಟಲ್ಲ. ಬೂಷ್ಟಾಗಿದ್ದರೆ ಬಟ್ಟೆಗೆ ಬರುತ್ತಿತ್ತು. ಸ್ಪಿರಿಟ್ ಪಾಲಿಶ್ ಅಂದ್ರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಮಳೆಯಲ್ಲಿ ಬಳಿದರೆ ಗಾಳಿಯ ತೇವ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಮಳೆ ಬಿಟ್ಟ ದಿನ, ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಉಂಡೆ ಮಾಡಿ ಸ್ಪಿರಿಟ್ ಹಾಕಿ. ಕೆನ್ನೆಗೆ ಒತ್ತಿದರೆ ತಂಪು ಅನಿಸಬೇಕು, ಒದ್ದೆ ಆಗಬಾರದು. ಕೈ ಎಲ್ಲೂ ನಿಲ್ಲಿಸದೆ ಹಗುರವಾಗಿ ಎಳೆಯಿರಿ. ನಿಂತರೆ ಪಾಲಿಶ್ ಕಿತ್ತು ಬರ್ತದೆ. ಮೊದಲು ಕುರ್ಚಿಯ ಕೈಯ ಅಡಿಭಾಗದಲ್ಲಿ ಮಾಡಿ ನೋಡಿ. ಹತ್ತಿರ ದೀಪ, ಊದುಬತ್ತಿ ಬೇಡ.

ಪ್ರಶ್ನೆ ಕೇಳಿದವರು
ನಿನ್ನೆ ಮಧ್ಯಾಹ್ನ ಮಳೆ ಬಿಟ್ಟಾಗ ಮಾಡಿದೆ. ಎಡಗೈ ಪೂರ್ತಿ ಸರಿಯಾಯ್ತು. ಬಲಗೈಯಲ್ಲಿ ಒಂದು ಕಡೆ ನಿಲ್ಲಿಸಿಬಿಟ್ಟೆ, ಹೆಬ್ಬೆರಳಷ್ಟು ಜಾಗ ಕಿತ್ತು ಬಂತು. ಅದನ್ನು ಬೇಸಿಗೆಯಲ್ಲಿ ನೋಡ್ತೇನೆ. ಫೋಮ್, ಹಲಗೆ ಎರಡೂ ಹೊರಗೆ. ಉಡುಪಿ ಕಡೆ ಬೆತ್ತ ಹೆಣೆಯುವವರು ಯಾರಾದ್ರೂ ಗೊತ್ತುಂಟಾ?